ಜನರಿಗೆ ತಿಳಿವಳಿಕೆಯಿಲ್ಲ ಎಂಬ ಸುಳ್ಳು

ಚಾಮರಾಜನಗರ ಜಿಲ್ಲೆಯ ಯಾವ ಸರ್ಕಾರಿ ಸಭೆಗೆ ಹೋಗಿ ಕೂತರೂ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ: ‘ಜನರ ಮನಸ್ಥಿತಿ ಬದಲಾಗಬೇಕು, ಅದಕ್ಕಾಗಿ ಅರಿವು ಮೂಡಿಸಬೇಕು.’ ಬಾಲ್ಯವಿವಾಹಕ್ಕೂ ಇದೇ ಮಾತು, ಕಕ್ಕಸಿಗೂ ಇದೇ ಮಾತು. ಅಸ್ಪೃಶ್ಯತೆಗೆ, ಲಸಿಕೆಗೆ, ಹೆಲ್ಮೆಟ್ಟಿಗೆ, ಮತದಾನಕ್ಕೆ ಎಲ್ಲಕ್ಕೂ ಇದೇ ಮದ್ದು. ಚಂದಕವಾಡಿಯಂಥ ಹೋಬಳಿ ಕೇಂದ್ರದಲ್ಲಿ ಶಾಮಿಯಾನ ಎದ್ದಿತೆಂದರೆ ಮುಂದಿನದು ಎಲ್ಲರಿಗೂ ಗೊತ್ತು: ಬ್ಯಾನರ್, ಮೈಕು, ಶಾಲಾ ಮಕ್ಕಳ ಜಾಥಾ, ಗಿಡಕ್ಕೆ ನೀರೆರೆದು ಉದ್ಘಾಟನೆ, ಪ್ರಮಾಣವಚನ, ಫೋಟೊ. ಭಾಷಣದ ನಡುವೆ 2011ರ ಜನಗಣತಿಯ ಲೆಕ್ಕ ಬರುತ್ತದೆ. ಜಿಲ್ಲೆಯ ಸಾಕ್ಷರತೆ ಶೇ 61.43, ರಾಜ್ಯದ್ದು ಶೇ 75.36, ಓದು ಕಡಿಮೆ, ಅದಕ್ಕೇ ಹೀಗೆ ಎಂಬ ತೀರ್ಮಾನವೂ ಅದರ ಬೆನ್ನಿಗೇ ಬರುತ್ತದೆ. ಅಧಿಕಾರಿಗಳು, ಜನಪ್ರತಿನಿಧಿಗಳು, ಮೇಷ್ಟ್ರುಗಳು, ಪತ್ರಕರ್ತರು, ಪ್ರಗತಿಪರ ಗೆಳೆಯರು ಎಲ್ಲರೂ ಈ ತೀರ್ಮಾನವನ್ನು ಒಪ್ಪಿದ್ದಾರೆ. ಇದನ್ನು ಪ್ರಶ್ನಿಸುವವರೇ ಇಲ್ಲ.

ಈ ತೀರ್ಮಾನ ತಪ್ಪು, ಮತ್ತು ಇದರಿಂದ ಆಗುತ್ತಿರುವ ಹಾನಿ ಸಣ್ಣದಲ್ಲ. ಜನ ಒಂದು ಕೆಲಸವನ್ನು ಮಾಡುವುದಕ್ಕೂ ಬಿಡುವುದಕ್ಕೂ ಅವರ ತಲೆಯೊಳಗಿನ ತಿಳಿವಳಿಕೆಯೇ ಕಾರಣ ಎಂದು ನಂಬಿದ ಕೂಡಲೇ, ಆ ಕೆಲಸ ನಡೆಯುವ ಸನ್ನಿವೇಶ ನಮ್ಮ ಕಣ್ಣಿನಿಂದ ಮರೆಯಾಗುತ್ತದೆ. ಯಾರು ನೋಡುತ್ತಿದ್ದಾರೆ, ತಪ್ಪಿ ನಡೆದರೆ ಏನು ದಂಡ, ದಾರಿ ಎಲ್ಲಿ ಕಟ್ಟಿದೆ, ಯಾರಿಗೆ ಇದರಿಂದ ಲಾಭ ಎಂಬ ಪ್ರಶ್ನೆಗಳು ಉಳಿಯುವುದಿಲ್ಲ. ತಪ್ಪೆಲ್ಲ ಬಡವರ ತಲೆಯ ಮೇಲೆ, ಪರಿಹಾರವೆಲ್ಲ ಭಾಷಣಕಾರನ ನಾಲಿಗೆಯ ಮೇಲೆ. ಸಾಮಾಜಿಕ ಮನೋವಿಜ್ಞಾನ ಸುಮಾರು ನೂರು ವರ್ಷಗಳಿಂದ ಇದಕ್ಕೆ ವಿರುದ್ಧವಾದ ಮಾತನ್ನು ಹೇಳುತ್ತ ಬಂದಿದೆ. ಅದಕ್ಕೂ ಮೊದಲು ನಮ್ಮ ತಾಲ್ಲೂಕೇ ಹೇಳಿದ್ದನ್ನು ನೋಡೋಣ.

2022ರ ನವೆಂಬರ್‌ನಲ್ಲಿ ಚಾಮರಾಜನಗರ ತಾಲ್ಲೂಕಿನ ಹೆಗ್ಗೊಠಾರದಲ್ಲಿ ಮದುವೆಗೆ ಬಂದಿದ್ದ ದಲಿತ ಹೆಣ್ಣುಮಗಳೊಬ್ಬರು ಮೇಲ್ಜಾತಿಯವರ ಬೀದಿಯ ತೊಂಬೆಯಲ್ಲಿ ನೀರು ಕುಡಿದರು. ಆ ಬೀದಿಯವರು ತೊಂಬೆಯ ನೀರನ್ನೆಲ್ಲ ಹರಿಯಬಿಟ್ಟು ಗೋಮೂತ್ರದಿಂದ ತೊಳೆದರು. ಸುದ್ದಿ ದೇಶವೆಲ್ಲ ಹರಡಿತು. ತಹಶೀಲ್ದಾರರು ಊರಿಗೆ ಬಂದರು, ಮೊಕದ್ದಮೆ ದಾಖಲಾಯಿತು, ಎಲ್ಲ ಕಡೆಯಿಂದಲೂ ‘ಮನಸ್ಥಿತಿ ಬದಲಾಗಬೇಕು’ ಎಂಬ ಹೇಳಿಕೆಗಳು ಬಂದವು.

ತೊಂಬೆ ತೊಳೆದವರಿಗೆ ಏನು ಗೊತ್ತಿರಲಿಲ್ಲ? ಅಸ್ಪೃಶ್ಯತೆ ಅಪರಾಧ ಎಂಬುದು ಗೊತ್ತಿತ್ತು. ಸಂವಿಧಾನದ 17ನೆಯ ವಿಧಿ ಜಾರಿಗೆ ಬಂದು 70 ವರ್ಷ ದಾಟಿತ್ತು, 1955ರ ಕಾಯ್ದೆ ಬಂದಿತ್ತು, 1989ರ ದೌರ್ಜನ್ಯ ತಡೆ ಕಾಯ್ದೆಯ ಹೆಸರು ಹಳ್ಳಿಯ ಪ್ರತಿ ಬೀದಿಗೂ ಗೊತ್ತು. ನೀರು ಪಂಚಾಯಿತಿಯದು, ತೊಂಬೆ ಸರ್ಕಾರದ್ದು ಎಂಬುದೂ ಗೊತ್ತಿತ್ತು. ಆದರೂ ತೊಳೆದರು. ತೊಳೆಯದೆ ಬಿಟ್ಟಿದ್ದರೆ ತಮ್ಮ ಬೀದಿಯಲ್ಲಿ ತಾವೇನಾಗುತ್ತಿದ್ದೆವು ಎಂಬುದೂ ಅವರಿಗೆ ಗೊತ್ತಿತ್ತು. ‘ನಾಕು ಜನ ಏನಂದಾರು?’ ಎಂಬ ಪ್ರಶ್ನೆಯ ಮುಂದೆ ಸಂವಿಧಾನದ ವಿಧಿ ಆ ದಿನ ಸೋತಿತು.

ಮುಂದೆ ನಡೆದದ್ದನ್ನು ಇನ್ನೂ ಗಮನವಿಟ್ಟು ನೋಡಬೇಕು. ತಹಶೀಲ್ದಾರರು ಭಾಷಣ ಮಾಡಿ ಹೊರಟುಹೋಗಲಿಲ್ಲ. ದಲಿತ ಯುವಕರನ್ನು ಕರೆದುಕೊಂಡು ಊರಿನ ತೊಂಬೆಗಳ ಬಳಿಗೆ ಹೋದರು, ಎಲ್ಲರೆದುರು ನೀರು ಕುಡಿಸಿದರು, ಇದು ಸಾರ್ವಜನಿಕರ ಕುಡಿಯುವ ನೀರು, ಯಾರು ಬೇಕಾದರೂ ಬಳಸಬಹುದು ಎಂದು ತೊಂಬೆಗಳ ಮೇಲೆ ಬರೆಸಿದರು. ಅಂದು ಆ ಊರಿನ ಸನ್ನಿವೇಶವನ್ನು ಅಲುಗಿಸಿದ್ದು ಈ ಕೃತ್ಯ. ಆದರೆ ಒಂದು ದಿನದ ಕೃತ್ಯ ಒಂದು ದಿನದ್ದೇ. ಅದು ವಾರಕ್ಕೊಮ್ಮೆ, ತಿಂಗಳಿಗೊಮ್ಮೆ, ಮದುವೆಯ ದಿನವೂ ಹಬ್ಬದ ದಿನವೂ ಮರುಕಳಿಸಿದಾಗ ಮಾತ್ರ ರೂಢಿಯಾಗುತ್ತದೆ. ಅಂಥ ಬೆನ್ನುಹತ್ತುವಿಕೆಗೆ ನಮ್ಮ ಇಲಾಖೆಗಳಲ್ಲಿ ಹಣವಿಲ್ಲ, ಹೊಣೆ ಹೊತ್ತವರೂ ಇಲ್ಲ. ಬ್ಯಾನರಿಗೆ ಮಾತ್ರ ಹಣವಿದೆ.

ಇದು ಹೊಸ ಪಾಠವೇನೂ ಅಲ್ಲ. ಸಾರ್ವಜನಿಕ ಕೆರೆ ಬಾವಿಗಳು ಎಲ್ಲರಿಗೂ ಮುಕ್ತ ಎಂದು ಬೊಂಬಾಯಿ ಶಾಸನ ಪರಿಷತ್ತು 1923ರಲ್ಲೇ ನಿರ್ಣಯ ಮಾಡಿತ್ತು. ಮಹಾಡದ ಪುರಸಭೆ 1924ರಲ್ಲಿ ತನ್ನ ಚವದಾರ್ ಕೆರೆಯನ್ನು ತೆರೆದಿಟ್ಟಿತು. ನಿರ್ಣಯ ಎಲ್ಲರಿಗೂ ತಿಳಿದಿತ್ತು, ಆದರೂ ಮೂರು ವರ್ಷ ಆ ನೀರನ್ನು ದಲಿತರು ಮುಟ್ಟಲಾಗಲಿಲ್ಲ. 1927ರ ಮಾರ್ಚ್ 20ರಂದು ಅಂಬೇಡ್ಕರ್ ಸಾವಿರಾರು ಜನರೊಂದಿಗೆ ನಡೆದುಹೋಗಿ ಹಗಲಲ್ಲೇ, ಎಲ್ಲರ ಕಣ್ಣೆದುರಿಗೇ ಆ ನೀರು ಕುಡಿದರು. ಸನಾತನಿಗಳು ಪಂಚಗವ್ಯ ಸುರಿದು ಕೆರೆಯನ್ನು ಶುದ್ಧ ಮಾಡಿದರು. ಮಹಾಡದಿಂದ ಹೆಗ್ಗೊಠಾರಕ್ಕೆ 95 ವರ್ಷ. ಈ 95 ವರ್ಷಗಳಲ್ಲಿ ತಿಳಿವಳಿಕೆಗೆ ಬರವಿರಲಿಲ್ಲ. ಸಾರ್ವಜನಿಕ ನಡೆಗೆ ಬರವಿತ್ತು. ಅಂಬೇಡ್ಕರ್ ಮಹಾಡದಲ್ಲಿ ಬರಿಯ ಉಪದೇಶದಿಂದ ತೃಪ್ತರಾಗಿದ್ದರೆ ಆ ಕೆರೆ ನಿರ್ಣಯದ ಕಾಗದದಲ್ಲಿ ಮಾತ್ರ ತೆರೆದಿರುತ್ತಿತ್ತು.

‘ಮನಸ್ಥಿತಿ’ ಎಂದರೆ ಮನುಷ್ಯ ಹೋದಲ್ಲೆಲ್ಲ ಹೊತ್ತು ತಿರುಗುವ ಒಂದೇ ಗಂಟು ಎಂದು ಭಾವಿಸುವವರು ಬಿಳಿಗಿರಿರಂಗನ ಬೆಟ್ಟಕ್ಕೆ ಒಮ್ಮೆ ಹೋಗಿ ನೋಡಬೇಕು. ಅಲ್ಲಿ ರಂಗನಾಥನಿಗೆ ಒಪ್ಪಿಸುವ ದೊಡ್ಡ ಚರ್ಮದ ಪಾದುಕೆಗಳನ್ನು ಹೊಲಿಯುವವರು ಚಮ್ಮಾರಿಕೆಯ ದಲಿತ ಕುಲದವರು. ಆ ಪಾದುಕೆಯನ್ನು ತಲೆಗೆ ಮುಟ್ಟಿಸಿಕೊಳ್ಳಲು ಎಲ್ಲ ಜಾತಿಯ ಭಕ್ತರೂ ತಲೆಬಾಗಿ ನಿಲ್ಲುತ್ತಾರೆ. ಬೆಟ್ಟದ ಮೇಲೆ ಆ ಕೈಗಳು ಹೊಲಿದ ಚರ್ಮವನ್ನು ಶಿರದ ಮೇಲೆ ಧರಿಸುವ ಭಕ್ತನೇ ಬೆಟ್ಟದ ಕೆಳಗಿನ ತನ್ನ ಬೀದಿಯಲ್ಲಿ ಅದೇ ಕೈಗಳಿಗೆ ಲೋಟ ಕೊಡಲು ಹಿಂಜರಿಯುತ್ತಾನೆ. ಮನುಷ್ಯ ಒಬ್ಬನೇ, ಮನಸ್ಸೂ ಒಂದೇ. ಬೇರೆಯಾಗಿದ್ದು ಜಾಗ, ಅಲ್ಲಿನ ರೂಢಿ, ಸುತ್ತ ನಿಂತವರು ಅವನಿಂದ ನಿರೀಕ್ಷಿಸುವ ನಡೆ.

ಇದನ್ನೇ ಇನ್ನೊಂದು ಕಡೆಯಿಂದ ತೋರಿಸಿದವನು ಅಮೆರಿಕದ ರಿಚರ್ಡ್ ಲಾಪಿಯೇರ್. 1930ರ ದಶಕದ ಆರಂಭದಲ್ಲಿ, ಅಮೆರಿಕದಲ್ಲಿ ಚೀನೀಯರ ಬಗ್ಗೆ ಕಡುದ್ವೇಷವಿದ್ದಾಗ, ಒಬ್ಬ ಚೀನೀ ತರುಣ ಮತ್ತು ಅವನ ಹೆಂಡತಿಯೊಂದಿಗೆ ದೇಶ ಸುತ್ತಿದ. 251 ಹೋಟೆಲು, ವಸತಿಗೃಹಗಳಿಗೆ ಹೋದರೆ ಒಂದೇ ಒಂದು ಕಡೆ ಬಾಗಿಲು ಹಾಕಿದರು. ಆಮೇಲೆ ಅದೇ ಜಾಗಗಳಿಗೆ ಪತ್ರ ಬರೆದು ಚೀನೀಯರನ್ನು ಸೇರಿಸುತ್ತೀರಾ ಎಂದು ಕೇಳಿದ. ಉತ್ತರ ಕೊಟ್ಟವರಲ್ಲಿ ಶೇ 90ಕ್ಕಿಂತ ಹೆಚ್ಚು ಮಂದಿ ಇಲ್ಲ ಎಂದರು. ಬಾಯಲ್ಲಿ ಹೇಳುವ ಅಭಿಪ್ರಾಯಕ್ಕೂ ಎದುರು ಬಂದು ನಿಂತವರೊಡನೆ ನಡೆದುಕೊಳ್ಳುವ ರೀತಿಗೂ ನಂಟು ಎಷ್ಟು ಸಡಿಲ ಎಂಬುದನ್ನು 1934ರಲ್ಲೇ ಅವನು ಪ್ರಕಟಿಸಿದ. ಅಲ್ಲಿ ದ್ವೇಷವಿದ್ದರೂ ನಡೆ ಸಭ್ಯವಾಗಿತ್ತು. ನಮ್ಮಲ್ಲಿ ಸಭ್ಯ ಅಭಿಪ್ರಾಯವಿದ್ದರೂ ನಡೆ ಕ್ರೂರವಾಗಿದೆ. ಎರಡೂ ಕಡೆ ಅಭಿಪ್ರಾಯವನ್ನು ತಿದ್ದಲು ಹೊರಟವನು ಗುರಿ ತಪ್ಪುತ್ತಾನೆ.

ಇನ್ನೊಂದು ಸಂಗತಿ ನಮ್ಮ ಬೀದಿಗಳಲ್ಲಿ ಕಣ್ಣಿಗೆ ಬೀಳದೆ ಉಳಿದಿದೆ. ಒಂದು ರೂಢಿ ಒಳ್ಳೆಯದಲ್ಲ ಎಂದು ಬೀದಿಯ ಹಲವರಿಗೆ ಅನ್ನಿಸಿರುತ್ತದೆ. ಆದರೆ ಹಾಗೆ ಅನ್ನಿಸಿರುವುದು ತನಗೊಬ್ಬನಿಗೇ ಎಂದು ಪ್ರತಿಯೊಬ್ಬನೂ ತಿಳಿದಿರುತ್ತಾನೆ. ಎಲ್ಲರೂ ಸುಮ್ಮನಿರುತ್ತಾರೆ, ಆ ಸುಮ್ಮನಿರುವಿಕೆಯೇ ಎಲ್ಲರ ಒಪ್ಪಿಗೆ ಎಂದು ಎಲ್ಲರಿಗೂ ಕಾಣುತ್ತದೆ. ಕುಲದ ಯಜಮಾನರ ನ್ಯಾಯದಲ್ಲಿ ಕೂತಿದ್ದ ಯುವಕರನ್ನು ಒಬ್ಬೊಬ್ಬರಾಗಿ ಕೇಳಿ ನೋಡಿ: ‘ನಂಗೇನೂ ಇಲ್ಲ ಸ್ವಾಮಿ, ಊರು ಒಪ್ಪಲ್ಲ’ ಎಂದೇ ಹೇಳುತ್ತಾರೆ. ಊರು ಎಂದರೆ ಅವರೇ. ಅಮೆರಿಕದ ಫ್ಲಾಯ್ಡ್ ಆಲ್‌ಪೋರ್ಟ್ ಮತ್ತು ಜೊತೆಗಾರರು 1930ರ ಸುಮಾರಿಗೇ ಗುರುತಿಸಿದ ಸ್ಥಿತಿ ಇದು. ಒಬ್ಬೊಬ್ಬರ ಕಿವಿಗೆ ಬೀಳುವ ಭಾಷಣ ಈ ಮೌನವನ್ನು ಮುಟ್ಟುವುದೇ ಇಲ್ಲ, ಏಕೆಂದರೆ ಭಾಷಣ ಕೇಳಿದವನಿಗೆ ಪಕ್ಕದವನು ಏನು ಅಂದುಕೊಂಡ ಎಂಬುದು ಗೊತ್ತಾಗುವುದಿಲ್ಲ. ಬಾಯಿ ತೆರೆಯಬೇಕಾದವರು ಕೇಳುವವರು; ನಮ್ಮ ಸಭೆಗಳಲ್ಲಿ ಬಾಯಿ ತೆರೆಯುವವರು ವೇದಿಕೆಯ ಮೇಲಿನವರು ಮಾತ್ರ.

ಭಾಷಣ ಮತ್ತು ಮಾತುಕತೆ ಇವೆರಡರಲ್ಲಿ ಯಾವುದು ಕೆಲಸ ಮಾಡುತ್ತದೆ ಎಂಬುದನ್ನು ಅಳೆದು ನೋಡಿದವನು ಕರ್ಟ್ ಲೆವಿನ್. ಜರ್ಮನಿಯಲ್ಲಿ ಹಿಟ್ಲರನ ಆಳ್ವಿಕೆ ಬಂದಾಗ ದೇಶ ಬಿಟ್ಟು ಅಮೆರಿಕಕ್ಕೆ ಬಂದ ಯಹೂದಿ ವಿದ್ವಾಂಸ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಒಳ್ಳೆಯ ಮಾಂಸ ಸೈನಿಕರಿಗೆ ಹೋಗುತ್ತಿತ್ತು. ಗುಂಡಿಗೆ, ಮೂತ್ರಪಿಂಡದಂಥ ಭಾಗಗಳನ್ನು ಗೃಹಿಣಿಯರು ಅಡುಗೆಗೆ ಬಳಸುವಂತೆ ಮಾಡಬೇಕಿತ್ತು, ಅವರಿಗೋ ಅದೆಂದರೆ ಅಸಹ್ಯ. ಲೆವಿನ್ ಗೃಹಿಣಿಯರ ಕೆಲವು ಗುಂಪುಗಳಿಗೆ ಒಳ್ಳೆಯ ಉಪನ್ಯಾಸ ಕೊಡಿಸಿದ: ಪೌಷ್ಟಿಕಾಂಶ, ದೇಶಸೇವೆ, ಅಡುಗೆಯ ವಿಧಾನ ಎಲ್ಲ ಅದರಲ್ಲಿತ್ತು. ಇನ್ನು ಕೆಲವು ಗುಂಪುಗಳಲ್ಲಿ ಅದೇ ಮಾಹಿತಿ ಕೊಟ್ಟು, ‘ನಿಮ್ಮಂಥವರಿಗೆ ಇದರಲ್ಲಿ ಏನು ಅಡ್ಡಿ?’ ಎಂದು ಅವರನ್ನೇ ಮಾತಿಗೆ ಬಿಟ್ಟ. ಗಂಡ ಬೇಡ ಅನ್ನುತ್ತಾನೆ, ಬೇಯುವಾಗ ವಾಸನೆ ಬರುತ್ತದೆ ಎಂಬ ಮಾತುಗಳೆಲ್ಲ ಹೊರಬಂದ ಮೇಲೆ, ಮುಂದಿನ ವಾರ ಯಾರು ಮಾಡಿ ನೋಡುತ್ತೀರಿ, ಕೈಯೆತ್ತಿ ಎಂದ. ಆಮೇಲೆ ವಿಚಾರಿಸಿದಾಗ ಉಪನ್ಯಾಸ ಕೇಳಿದವರಲ್ಲಿ ಶೇ 3 ಮಂದಿ ಮಾಡಿದ್ದರು. ಮಾತಾಡಿ ಕೈಯೆತ್ತಿದ ಗುಂಪುಗಳಲ್ಲಿ ಶೇ 32.

ಪ್ರಯೋಗದಲ್ಲಿ ಒಂದು ಕೊರತೆ ಇತ್ತು: ಮಾತುಕತೆಯ ಗುಂಪಿಗೆ ಮತ್ತೆ ಬಂದು ಕೇಳುತ್ತೇವೆ ಎಂದು ಹೇಳಲಾಗಿತ್ತು, ಉಪನ್ಯಾಸದ ಗುಂಪಿಗೆ ಹೇಳಿರಲಿಲ್ಲ. ನನ್ನ ಮಟ್ಟಿಗೆ ಆ ಕೊರತೆಯೂ ಒಂದು ಪಾಠ. ಮತ್ತೆ ಬಂದು ಕೇಳುವವರಿದ್ದಾರೆ ಎಂಬುದು ಕೂಡ ಸನ್ನಿವೇಶದ ಭಾಗವೇ. ನಮ್ಮ ಹೋಬಳಿಯ ಶಿಬಿರಗಳಲ್ಲಿ ಮತ್ತೆ ಬಂದು ಕೇಳಿದ ಇಲಾಖೆ ಯಾವುದು?

ಇಂಥ ಮಾತುಕತೆಗೆ ನಮ್ಮಲ್ಲಿ ಜಾಗಗಳು ಬೇಕಾದಷ್ಟಿವೆ. ವಾರ ವಾರ ಕೂಡಿ ಉಳಿತಾಯ ಕಟ್ಟುವ ಹೆಂಗಸರ ಸಂಘಗಳಿವೆ. ಬೆಳಗ್ಗೆ ಸಂಜೆ ಊರಿನವರು ಸಾಲು ನಿಲ್ಲುವ ಹಾಲಿನ ಡೈರಿ ಇದೆ. ಬೀದಿ ಬೀದಿಯ ಯಜಮಾನರು, ಗಡಿ, ಕಟ್ಟೆಮನೆ ಎಂಬ ಹಳೆಯ ಕುಲನ್ಯಾಯದ ವ್ಯವಸ್ಥೆಯೂ ಇದೆ. ಯಾರ ಮಾತಿಗೆ ಯಾರು ಬಗ್ಗುತ್ತಾರೆ ಎಂಬುದು ಊರಿನ ಮಕ್ಕಳಿಗೂ ಗೊತ್ತು. ಹೊರಗಿನಿಂದ ಬಂದ ಸಂಪನ್ಮೂಲ ವ್ಯಕ್ತಿ ಅರ್ಧ ದಿನದಲ್ಲಿ ಮುಟ್ಟಲಾಗದ ಜಾಗ ಅದು.

ನಮ್ಮ ರೈತ ತಿಳಿವಳಿಕೆಯಿಲ್ಲದವನು ಎನ್ನುವವರು ಅವನ ಹೊಲವನ್ನು ನೋಡಿಲ್ಲ. ಈ ಸೀಮೆಯ ರೈತ ಅರಿಶಿನವನ್ನು ಈರೋಡಿಗೆ ಒಯ್ಯುತ್ತಾನೆ, ಸಣ್ಣ ಈರುಳ್ಳಿಯನ್ನು ತಮಿಳುನಾಡಿನ ದರ ನೋಡಿ ಬಿತ್ತುತ್ತಾನೆ, ಅಂಗಾಂಶ ಕೃಷಿಯ ಬಾಳೆ ಸಸಿ ತಂದು ನೆಡುತ್ತಾನೆ, ಹನಿ ನೀರಾವರಿಯ ಪೈಪು ಎಳೆಯುತ್ತಾನೆ. ಇವನ್ನೆಲ್ಲ ಯಾವ ಜಾಥಾ ಕಲಿಸಿತು? ಪಕ್ಕದ ಹೊಲದಲ್ಲಿ ಬೆಳೆ ಬಂದದ್ದನ್ನು ಕಂಡ, ಖರ್ಚು ಲೆಕ್ಕ ಕೇಳಿದ, ತಾನೂ ಮಾಡಿದ. ಅಮೆರಿಕದ ಅಯೋವಾದಲ್ಲಿ ಹೈಬ್ರಿಡ್ ಮೆಕ್ಕೆಜೋಳ ಹರಡಿದ ಬಗೆಯನ್ನು ರಯಾನ್ ಮತ್ತು ಗ್ರಾಸ್ ಎಂಬಿಬ್ಬರು 1943ರಲ್ಲಿ ಪ್ರಕಟಿಸಿದರು. ಸುದ್ದಿ ಮುಟ್ಟಿಸಿದ್ದು ಬೀಜದ ವ್ಯಾಪಾರಿ, ಬಿತ್ತುವಂತೆ ಮಾಡಿದ್ದು ನೆರೆಯ ರೈತ ಎಂಬುದು ಅವರು ಕಂಡ ಸತ್ಯ. ಹೊಲದಲ್ಲಿ ಇಷ್ಟು ಜಾಣನಾದವನು ಮನೆಯ ಹಿತ್ತಲಿಗೆ ಬಂದೊಡನೆ ದಡ್ಡನಾಗುತ್ತಾನೆಂದು ನಂಬಲು ನಾನು ಸಿದ್ಧನಿಲ್ಲ.

ಲಸಿಕೆಯ ಮಾತಿಗೆ ಬರೋಣ. ಭಯ ಹುಟ್ಟಿಸಿದರೆ ಜನ ಬರುತ್ತಾರೆ ಎಂಬುದು ಆರೋಗ್ಯ ಪ್ರಚಾರದ ಹಳೆಯ ನಂಬಿಕೆ. 1965ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಲೆವೆಂಥಾಲ್ ಮತ್ತು ಜೊತೆಗಾರರು ಇದನ್ನು ಪರೀಕ್ಷಿಸಿದರು. ಧನುರ್ವಾಯು ರೋಗದ ಭೀಕರ ಚಿತ್ರಗಳನ್ನು ಕಂಡ ವಿದ್ಯಾರ್ಥಿಗಳು ಹೆಚ್ಚು ಹೆದರಿದರು, ಚುಚ್ಚುಮದ್ದು ಒಳ್ಳೆಯದೆಂದು ಒಪ್ಪಿದರು, ಆದರೆ ಹಾಕಿಸಿಕೊಂಡವರು ಶೇ 3 ಮಾತ್ರ. ಆಸ್ಪತ್ರೆಯ ನಕ್ಷೆ ಕೊಟ್ಟು, ನಿಮ್ಮ ವಾರದ ಕೆಲಸಗಳ ನಡುವೆ ಯಾವ ಹೊತ್ತಿಗೆ ಹೋಗುತ್ತೀರಿ ಎಂದು ಯೋಚಿಸಲು ಹೇಳಿದವರಲ್ಲಿ ಶೇ 28 ಮಂದಿ ಹೋದರು. ನಮ್ಮ ದೇಶದಲ್ಲೇ, ರಾಜಸ್ಥಾನದ ಉದಯಪುರ ಜಿಲ್ಲೆಯ ಹಳ್ಳಿಗಳಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನ ಇನ್ನೂ ಹತ್ತಿರದ್ದು. ಹಾಗೇ ಬಿಟ್ಟ ಹಳ್ಳಿಗಳಲ್ಲಿ ಪೂರ್ತಿ ಲಸಿಕೆ ಪಡೆದ ಮಕ್ಕಳು ಶೇ 6. ತಪ್ಪದೆ ತಿಂಗಳು ತಿಂಗಳು ಊರಿಗೇ ಬರುವ ಶಿಬಿರ ಇದ್ದಲ್ಲಿ ಶೇ 18. ಶಿಬಿರದ ಜೊತೆ ಪ್ರತಿ ಸಲ ಒಂದು ಕಿಲೊ ಬೇಳೆ ಕೊಟ್ಟಲ್ಲಿ ಶೇ 39. ದಿನದ ಕೂಲಿ ಬಿಟ್ಟು, ಮಗುವನ್ನೆತ್ತಿಕೊಂಡು, ಬಸ್ಸಿಗೆ ಕಾದು ಆಸ್ಪತ್ರೆಗೆ ಬರುವ ತಾಯಿಗೆ ಲಸಿಕೆಯ ಮಹತ್ವ ಹೇಳುವ ಮೊದಲು, ಅವಳ ಆ ದಿನದ ಕೂಲಿಯ ಲೆಕ್ಕವನ್ನು ನಾವು ಹಾಕಬೇಕಿತ್ತು.

ಕಕ್ಕಸಿನ ಕತೆಯಲ್ಲಿ ಈ ಕುರುಡು ಇನ್ನೂ ದೊಡ್ಡದು. 2014ರ ಅಕ್ಟೋಬರ್ 2ರಂದು ಸ್ವಚ್ಛ ಭಾರತ ಶುರುವಾಯಿತು, ಮನೆಗೆ 12,000 ರೂಪಾಯಿ ಸಹಾಯಧನ ಬಂತು, ಐದು ವರ್ಷಕ್ಕೆ ಸರಿಯಾಗಿ ಗ್ರಾಮೀಣ ಭಾರತ ಬಯಲು ಶೌಚಮುಕ್ತ ಎಂದು ಘೋಷಣೆಯಾಯಿತು. ಕಟ್ಟಿದ ಕಕ್ಕಸಿನಲ್ಲಿ ಕೆಲವೆಡೆ ಸೌದೆ ತುಂಬಿದೆ ಎಂದು ದೂರುವವರು ಜನರನ್ನು ಬೈಯುತ್ತಾರೆ. ಗುಂಡಿ ತುಂಬಿದರೆ ಬರಿದು ಮಾಡುವವರು ಯಾರು ಎಂಬ ಪ್ರಶ್ನೆಯನ್ನು ಎಷ್ಟು ಸಭೆಗಳಲ್ಲಿ ಕೇಳಲಾಯಿತು? ಡಯೇನ್ ಕಾಫಿ ಮತ್ತು ಡೀನ್ ಸ್ಪಿಯರ್ಸ್ 2017ರಲ್ಲಿ ಪ್ರಕಟಿಸಿದ ಪುಸ್ತಕ ಇದನ್ನೇ ಹೇಳಿತು: ಸರ್ಕಾರ ಹೇಳುವ ಸಣ್ಣ ಅವಳಿ ಗುಂಡಿಯನ್ನು ಜನ ಒಲ್ಲರು, ಏಕೆಂದರೆ ಅದನ್ನು ಎಂದಾದರೂ ಬರಿದು ಮಾಡಲೇಬೇಕು, ಆ ಕೆಲಸವನ್ನು ಒಂದು ಜಾತಿಯ ಹಣೆಗೆ ಕಟ್ಟಲಾಗಿದೆ. ರೋಗಾಣುವಿನ ಚಿತ್ರ ತೋರಿಸಿ ಜಾತಿಯ ಭಯವನ್ನು ಕಳೆಯಲಾಗದು. ತುಂಬಿದ ಗುಂಡಿ ವರ್ಷ ಬಿಟ್ಟರೆ ಗೊಬ್ಬರವಾಗುತ್ತದೆ ಎಂಬುದನ್ನು ಬೀದಿಯ ಯಜಮಾನನ ಮನೆಯ ಗುಂಡಿಯನ್ನೇ ತೆಗೆದು, ಅವನ ಕೈಯಲ್ಲೇ ತೋಟಕ್ಕೆ ಹಾಕಿಸಿ, ಎಲ್ಲರೂ ನೋಡುವಂತೆ ಮಾಡಬೇಕಿತ್ತು.

ಅರಿವಿನ ಕಾರ್ಯಕ್ರಮಗಳು ಉಪಯೋಗವಿಲ್ಲದಿದ್ದರೆ ಹೋಗಲಿ ಅನ್ನಬಹುದಿತ್ತು. ಅವು ಎಷ್ಟೋ ಸಲ ಕೆಡುಕನ್ನೇ ಬೆಳೆಸುತ್ತವೆ. ‘ನಮ್ಮ ಜಿಲ್ಲೆಯಲ್ಲಿ ಬಾಲ್ಯವಿವಾಹ ಬಹಳ, ಊರೂರಲ್ಲೂ ನಡೆಯುತ್ತಿದೆ’ ಎಂದು ಮೈಕಿನಲ್ಲಿ ಕೂಗಿದಾಗ ಕೇಳುವ ತಂದೆಗೆ ಎರಡು ಸುದ್ದಿ ಮುಟ್ಟುತ್ತವೆ: ಇದು ತಪ್ಪು, ಮತ್ತು ಇದನ್ನು ಎಲ್ಲರೂ ಮಾಡುತ್ತಿದ್ದಾರೆ. ಎರಡನೆಯದು ಮೊದಲನೆಯದನ್ನು ನುಂಗುತ್ತದೆ. ಅಮೆರಿಕದ ಅರಿಜೋನಾದಲ್ಲಿ ಕಲ್ಲಾಗಿಹೋದ ಮರಗಳ ರಾಷ್ಟ್ರೀಯ ಉದ್ಯಾನವಿದೆ. ಪ್ರವಾಸಿಗರು ಆ ಮರದ ಚೂರುಗಳನ್ನು ಕದ್ದೊಯ್ಯುತ್ತಿದ್ದರು. ರಾಬರ್ಟ್ ಚಿಯಾಲ್ಡೀನಿ ತಂಡದವರು ಎರಡು ಬಗೆಯ ಫಲಕ ಹಾಕಿ ನೋಡಿದರು. ಬಹಳ ಮಂದಿ ಒಯ್ದು ಉದ್ಯಾನ ಹಾಳಾಗುತ್ತಿದೆ ಎಂಬ ಫಲಕವಿದ್ದ ದಾರಿಯಲ್ಲಿ ಗುರುತಿಟ್ಟ ಚೂರುಗಳಲ್ಲಿ ಸುಮಾರು ಶೇ 8 ಕಳುವಾದವು. ದಯವಿಟ್ಟು ಒಯ್ಯಬೇಡಿ ಎಂದಷ್ಟೇ ಬರೆದಲ್ಲಿ ಶೇ 2ಕ್ಕೂ ಕಡಿಮೆ.

ಬಾಲ್ಯವಿವಾಹದ ಗಂಟು ಎಲ್ಲಿದೆ ಎಂಬುದು ಹೆಣ್ಣು ಹೆತ್ತವರಿಗೆ ಗೊತ್ತು. ಬೀಗರಾಗಬಹುದಾದವರೆಲ್ಲ ಎಳೆಯ ಹೆಣ್ಣನ್ನೇ ಕೇಳುವ ತನಕ, ತನ್ನ ಮಗಳನ್ನು ಮಾತ್ರ ಕಾಯಿಸಿದ ತಂದೆ ಆಮೇಲೆ ಗಂಡು ಸಿಗದೆಂದು ಹೆದರುತ್ತಾನೆ. ಹದಿನೆಂಟಕ್ಕೆ ಮೊದಲು ಮದುವೆ ಅಪರಾಧ ಎಂದು ಅವನಿಗೆ ತಿಳಿದಿದೆ. ಕರ್ನಾಟಕದ ತಿದ್ದುಪಡಿ ಅಂಥ ಮದುವೆಯನ್ನೇ ಅಸಿಂಧು ಮಾಡಿದೆ ಎಂಬುದೂ ಗೊತ್ತಿರಬಹುದು. ಒಬ್ಬನೇ ಹೊರಬರಲಾಗದ ಬಲೆ ಅದು. ಚೀನಾದಲ್ಲಿ ಸಾವಿರ ವರ್ಷದಷ್ಟು ಹಳೆಯದಾದ, ಹೆಣ್ಣುಮಕ್ಕಳ ಪಾದ ಕಟ್ಟುವ ಪದ್ಧತಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಒಂದೇ ತಲೆಮಾರಿನಲ್ಲಿ ಕುಸಿದ ಬಗೆಯನ್ನು ಗೆರಿ ಮ್ಯಾಕಿ 1996ರಲ್ಲಿ ವಿವರಿಸಿದರು. ಅಲ್ಲಿ ತಂದೆತಾಯಂದಿರು ಸಂಘ ಕಟ್ಟಿಕೊಂಡರು. ನಮ್ಮ ಹೆಣ್ಣುಮಕ್ಕಳ ಪಾದ ಕಟ್ಟುವುದಿಲ್ಲ, ಪಾದ ಕಟ್ಟಿದ ಹೆಣ್ಣನ್ನು ನಮ್ಮ ಗಂಡುಮಕ್ಕಳಿಗೆ ತರುವುದೂ ಇಲ್ಲ ಎಂದು ಒಟ್ಟಿಗೆ ಮಾತು ಕೊಟ್ಟರು. ಹೆಣ್ಣು ಕೊಟ್ಟು ತರುವ ಹತ್ತು ಊರಿನ ಕಟ್ಟೆಮನೆಗಳು ಇಂಥದೊಂದು ಮಾತನ್ನು ಒಂದೇ ದಿನ, ಒಟ್ಟಿಗೆ, ಎಲ್ಲರೆದುರು ಕೊಟ್ಟರೆ ಆಗುವ ಕೆಲಸ ನೂರು ಜಾಥಾಗಳಿಂದ ಆಗದು. ಕಟ್ಟೆಮನೆ ಪ್ರೀತಿಸಿ ಮದುವೆಯಾದವರಿಗೆ ದಂಡ ಹಾಕುವ, ಬಹಿಷ್ಕಾರ ಹಾಕುವ ಜಾಗವೂ ಆಗಿದೆ. ಆ ಅನ್ಯಾಯವನ್ನು ಕಾನೂನು ತಡೆಯಲೇಬೇಕು. ಅದರ ಬಲ ಎಲ್ಲಿಂದ ಬರುತ್ತದೆ ಎಂಬುದನ್ನು ಮಾತ್ರ ನಾವು ಕಲಿಯಬೇಕು.

ಓದಿಲ್ಲದವರೇ ಹೀಗೆ ಎನ್ನುವವರಿಗೆ ನಮ್ಮ ಜಿಲ್ಲೆಯ ಚರಿತ್ರೆಯಲ್ಲೇ ಉತ್ತರವಿದೆ. ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿ ಅಧಿಕಾರ ಕಳೆದುಕೊಳ್ಳುತ್ತಾರೆ ಎಂಬ ನಂಬಿಕೆಯನ್ನು ದಶಕಗಳ ಕಾಲ ಪಾಲಿಸಿದವರು ಹಳ್ಳಿಯ ಅನಕ್ಷರಸ್ಥರಲ್ಲ. ವಿಧಾನಸೌಧದಲ್ಲಿ ಕೂತವರು. 1997ರ ಆಗಸ್ಟ್‌ನಲ್ಲಿ ಜಿಲ್ಲೆ ಹುಟ್ಟಿದಾಗ ಮುಖ್ಯಮಂತ್ರಿ ಜೆ.ಎಚ್. ಪಟೇಲರು ಅದರ ಉದ್ಘಾಟನೆಯನ್ನು ಮಾಡಿದ್ದು ಮಲೆ ಮಹದೇಶ್ವರ ಬೆಟ್ಟದಲ್ಲಿ, ಜಿಲ್ಲಾ ಕೇಂದ್ರದಲ್ಲಿ ಅಲ್ಲ. ಎಚ್.ಡಿ. ಕುಮಾರಸ್ವಾಮಿ 2007ರಲ್ಲಿ ಬಂದರು, ಅದೇ ವರ್ಷ ಅಧಿಕಾರ ಹೋಯಿತು. ಹೋದದ್ದು ಮೈತ್ರಿ ಮುರಿದು, ಹೆಸರು ಬಂದದ್ದು ನಮ್ಮ ಊರಿಗೆ. ಸಿದ್ದರಾಮಯ್ಯ 2013ರಿಂದ ಮತ್ತೆ ಮತ್ತೆ ಬಂದರು, ಐದು ವರ್ಷ ಪೂರೈಸಿದರು. ಆ ನಂಬಿಕೆಯ ಬೆನ್ನು ಮುರಿದದ್ದು ವಿಚಾರವಾದದ ಉಪನ್ಯಾಸದಿಂದಲ್ಲ, ಎಲ್ಲರೂ ನೋಡುವಂತೆ ಬಂದು ಹೋದ ನಡೆಯಿಂದ. ಪದವೀಧರರೂ ಸಲಹೆಗಾರರೂ ತುಂಬಿದ ವಿಧಾನಸೌಧವೇ ನಾಕು ಜನರ ಮಾತಿಗೆ ಹೆದರಿ ಒಂದು ಜಿಲ್ಲೆಯನ್ನು ದೂರವಿಟ್ಟಿತು. ಅದೇ ವಿಧಾನಸೌಧದಿಂದ ಹೊರಡುವ ಸುತ್ತೋಲೆಗಳು ಚಂದಕವಾಡಿಯ ಕೂಲಿಯವನಿಗೆ ಮೂಢನಂಬಿಕೆ ಬಿಡಿ ಎನ್ನುತ್ತವೆ.

ನಡೆ ಬದಲಿಸುವ ಮನಸ್ಸಿದ್ದರೆ ಸರ್ಕಾರಕ್ಕೆ ದಾರಿ ಗೊತ್ತಿದೆ. ಗುಂಡ್ಲುಪೇಟೆಯಿಂದ ಬಂಡೀಪುರದ ಕಾಡು ಹೊಕ್ಕು ಊಟಿಗೂ ವಯನಾಡಿಗೂ ಹೋಗುವ ಹೆದ್ದಾರಿಗಳಲ್ಲಿ ‘ನಿಧಾನವಾಗಿ ಚಲಿಸಿ, ವನ್ಯಜೀವಿಗಳಿವೆ’ ಎಂಬ ಫಲಕಗಳಿದ್ದವು. ವಾಹನಗಳು ನುಗ್ಗುತ್ತಲೇ ಇದ್ದವು, ಜಿಂಕೆಗಳು ಸಾಯುತ್ತಲೇ ಇದ್ದವು. ರಸ್ತೆಗೆ ಉಬ್ಬು ಹಾಕಿದರು. 2009ರಲ್ಲಿ ಜಿಲ್ಲಾಧಿಕಾರಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರ ತಡೆದರು, 2010ರ ಮಾರ್ಚ್‌ನಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಚಾಲಕರ ಪ್ರಾಣಿಪ್ರೀತಿ ಹೆಚ್ಚಲಿ ಎಂದು ಯಾರೂ ಕಾಯಲಿಲ್ಲ. ಪ್ರಾಣಿಗಳಿಗಾಗಿ ಸನ್ನಿವೇಶ ಬದಲಿಸಿದ ಆಡಳಿತ, ಮನುಷ್ಯರ ವಿಷಯ ಬಂದಾಗ ಮಾತ್ರ ಭಾಷಣದಲ್ಲಿ ನಿಂತುಬಿಡುತ್ತದೆ.

ಭಾಷಣವೇ ಅವಮಾನವಾಗುವ ಗಳಿಗೆಯೂ ಬರುತ್ತದೆ. ಹನೂರು ತಾಲ್ಲೂಕಿನ ಇಂಡಿಗನತ್ತದವರು ರಸ್ತೆ, ನೀರು, ವಿದ್ಯುತ್ತಿಗಾಗಿ ಕೇಳಿ ಕೇಳಿ ಸೋತು 2024ರ ಲೋಕಸಭಾ ಚುನಾವಣೆಯನ್ನು ಬಹಿಷ್ಕರಿಸಲು ನಿರ್ಧರಿಸಿದರು. ಮತದಾನದ ದಿನವಾದ ಏಪ್ರಿಲ್ 26ರಂದು ಅಧಿಕಾರಿಗಳು ಮನವೊಲಿಸಲು ಹೋದಾಗ ಘರ್ಷಣೆಯಾಯಿತು, ಮತಗಟ್ಟೆ ಧ್ವಂಸವಾಯಿತು, 29ರಂದು ಮರುಮತದಾನ ನಡೆಸಬೇಕಾಯಿತು. ಹಿಂಸೆಯನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಆ ಊರಿನವರಿಗೆ ಮತದ ಮಹತ್ವ ಗೊತ್ತಿರಲಿಲ್ಲ ಎಂದು ಯಾರೂ ಹೇಳಲಾರರು. ತಮ್ಮ ಕೈಯಲ್ಲಿ ಉಳಿದಿದ್ದ ಒಂದೇ ಆಯುಧ ಅದು ಎಂದು ತಿಳಿದೇ ಅವರು ಅದನ್ನು ತಡೆಹಿಡಿದರು.

ಇನ್ನು ಆಕ್ಷೇಪಗಳು. ಹಾಗಾದರೆ ಶಿಕ್ಷಣ ಬೇಡವೇ ಎಂದು ಕೇಳುವವರಿಗೆ: ಬೇಕು, ಮನುಷ್ಯನ ಹಕ್ಕಾಗಿ ಬೇಕು. ಹೆಣ್ಣುಮಗಳು ಶಾಲೆಯಲ್ಲಿ ಉಳಿದಷ್ಟು ಕಾಲ ಮದುವೆ ಮುಂದಕ್ಕೆ ಹೋಗುತ್ತದೆ. ಆದರೆ ಅಲ್ಲಿ ಕೆಲಸ ಮಾಡುವುದು ಪಾಠದಷ್ಟೇ ಆ ಶಾಲೆಗೆ ಹೋಗುವ ಬಸ್ಸು, ಹಾಸ್ಟೆಲು ಮತ್ತು ಜೊತೆಗೆ ಓದುವ ಗೆಳತಿಯರು. ಸನ್ನಿವೇಶ ಬದಲಿಸುವುದೆಂದರೆ ಜನರನ್ನು ಮರುಳು ಮಾಡುವ ಉಪಾಯವಲ್ಲವೇ ಎನ್ನುವವರಿಗೆ: ಜನರಿಗೆ ತಿಳಿಯದಂತೆ ಅವರನ್ನು ತಳ್ಳುವ ತಂತ್ರಗಳನ್ನು ನಾನೂ ಒಪ್ಪುವುದಿಲ್ಲ. ನೀತಿ ಆಯೋಗದಿಂದ ಹಿಡಿದು ಜಾಹೀರಾತು ಕಂಪನಿಗಳವರೆಗೆ ಅಂಥ ತಂತ್ರಗಳ ಮೋಹ ಈಗ ಬೆಳೆದಿದೆ. ಬಯಲಿನಲ್ಲಿ ಕೂತು, ಅಡ್ಡಿಗಳನ್ನು ಬಾಯಿಬಿಟ್ಟು ಹೇಳಿ, ಕೈಯೆತ್ತಿ ಮಾತು ಕೊಡುವುದು ಅದಕ್ಕೆ ತೀರ ವಿರುದ್ಧವಾದ ಕೆಲಸ. ಮನೋವಿಜ್ಞಾನದ ಪ್ರಯೋಗಗಳೇ ಗಟ್ಟಿಯಿಲ್ಲ ಎನ್ನುವವರ ಮಾತಿನಲ್ಲಿ ಹುರುಳಿದೆ: 2015ರಲ್ಲಿ 100 ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿದಾಗ ಅರ್ಧಕ್ಕಿಂತ ಕಡಿಮೆ ಮಾತ್ರ ನಿಂತವು. ಆದ್ದರಿಂದಲೇ ಯಾವ ಪ್ರಯೋಗವನ್ನೂ ವೇದವೆನ್ನದೆ ನಮ್ಮ ಹೋಬಳಿಯಲ್ಲೇ ಮಾಡಿ, ಅಳೆದು, ತಪ್ಪಿದರೆ ತಿದ್ದಬೇಕು. ಅರಿವಿನ ಶಿಬಿರಗಳನ್ನು ಹೀಗೆ ಅಳೆದು ನೋಡಿದವರಿದ್ದಾರೆಯೇ? ಅಲ್ಲಿ ಎಣಿಸುವುದು ಬಂದವರ ಸಹಿಗಳನ್ನು ಮಾತ್ರ.

ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಎಂ.ವಿ. ಗೋಪಾಲಸ್ವಾಮಿಯವರು 1924ರಲ್ಲೇ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿದರು. ಅದೇ ವಿಭಾಗದಲ್ಲಿ ಪಾಠ ಹೇಳಿದ ಬಿ. ಕುಪ್ಪುಸ್ವಾಮಿಯವರು ಸಾಮಾಜಿಕ ಮನೋವಿಜ್ಞಾನದ ಪಠ್ಯ ಬರೆದರು. ನೂರು ವರ್ಷ ಕಳೆದರೂ ಆ ವಿದ್ಯೆ ಮಾನಸಗಂಗೋತ್ರಿಯಿಂದ ಚಂದಕವಾಡಿಯ ಪಂಚಾಯಿತಿ ಕಚೇರಿಗೆ ಬಂದಿಲ್ಲ. ಬರಬೇಕು. ಗ್ರಾಮಸಭೆಗೆ ಹೋಗುವ ಪ್ರತಿಯೊಬ್ಬರಿಗೂ ನನ್ನ ಮನವಿ ಇದು: ಅರಿವು ಕಾರ್ಯಕ್ರಮಕ್ಕೆ ಹಣ ಇಡುವ ಮೊದಲು ಮೂರು ಪ್ರಶ್ನೆಗೆ ಉತ್ತರ ಕೇಳಿ. ಈ ನಡೆಗೆ ಅಡ್ಡಿ ಏನು, ಅದನ್ನು ತೆಗೆಯಲು ಎಷ್ಟು ಖರ್ಚು? ಮೊದಲು ಎಲ್ಲರೆದುರು ನಡೆದು ತೋರಿಸುವವರು ಯಾರು, ಅವರಿಗೆ ಕಾವಲು ಯಾರು? ಮೂರು ತಿಂಗಳ ಮೇಲೆ ಬಂದು ಕೇಳುವವರು ಯಾರು? ಉತ್ತರವಿಲ್ಲದಿದ್ದರೆ ಆ ಹಣವನ್ನು ತಡೆಯಿರಿ. ಜನರಿಗೆ ಗೊತ್ತಿದೆ. ಗೊತ್ತಿದ್ದಂತೆ ನಡೆಯಲು ದಾರಿ ಬಿಡಿಸದ ಆಡಳಿತಕ್ಕೆ ಅವರನ್ನು ದಡ್ಡರೆನ್ನುವ ಹಕ್ಕಿಲ್ಲ.